ಸರಹದ್ದಿನ ಮೇಲಿನ ಮಂಚ

ಎನಿಡ್ ಪ್ಯಾವಿಟ್‌ಗೆ ತನ್ನ ಮನೆ ಯಾವ ಊರಿಗೆ ಸೇರಿದ್ದೆಂದು ಐವತ್ತು ವರ್ಷವಾದರೂ ಸರಿಯಾಗಿ ತಿಳಿದಿರಲಿಲ್ಲ. ಕಾಗದ ಬರುತ್ತಿದ್ದದ್ದು ಮಾರ್‌ಫೀಲ್ಡ್ ಅಂಚೆಯಿಂದ, ವೋಟು ಹಾಕುತ್ತಿದ್ದದ್ದು ಓಲ್ಡ್‌ಕಾಟ್‌ನಲ್ಲಿ. ಇದು ಸಾಲದೆಂಬಂತೆ ಹೋದ ಏಪ್ರಿಲ್ ಒಂದರಂದು ಸರ್ಕಾರದವರು ಕೌಂಟಿಯನ್ನೇ, ಅಂದರೆ ಜಿಲ್ಲೆಯನ್ನೇ, ಕತ್ತರಿಸಿದರು. ಸಾಮರ್‌ಸೆಟ್‌ನಲ್ಲಿ ಮಲಗಿದ ಎನಿಡ್ ಏವನ್ ಎಂಬ ಹೊಸ ಜಿಲ್ಲೆಯಲ್ಲಿ ಎದ್ದಳು. ಒಳ್ಳೇ ದಿನ ನೋಡಿಯೇ ಮಾಡಿದ್ದಾರೆ ಎಂದು ಗಂಡ ಸಿರಿಲ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಆ ಸಿರಿಲ್ ಮಂಗಳವಾರ ಬೆಳಿಗ್ಗೆ ನಿದ್ದೆಯಲ್ಲೇ ತೀರಿಕೊಂಡ. ಅವನನ್ನು ಓಲ್ಡ್‌ಕಾಟ್ ಚರ್ಚಿನ ಅಂಗಳದಲ್ಲಿ, ಆರು ವರ್ಷಕ್ಕೇ ಹೋಗಿಬಿಟ್ಟ ಮಗಳು ರೋಡಾಳ ಪಕ್ಕ ಮಲಗಿಸಬೇಕು. ಎನಿಡ್‌ಗೆ ಬೇರೇನೂ ಬೇಡ. ಮಗಳ ಎರಡು ಪಕ್ಕವೂ ಖಾಲಿಯಿದೆ. ಆದರೆ ಅಲ್ಲಿ ಉಳಿದಿರುವುದು ನಾಲ್ಕೇ ಜಾಗ, ಅವೂ ಓಲ್ಡ್‌ಕಾಟ್ ಪ್ಯಾರಿಷ್‌ನವರಿಗೆ, ಅಂದರೆ ಆ ಚರ್ಚಿನ ಸರಹದ್ದಿನೊಳಗೆ ವಾಸಿಸುವವರಿಗೆ, ಮಾತ್ರ.

ಬುಧವಾರ ಪಾದ್ರಿಯೂ ಚರ್ಚಿನ ಮೇಲ್ವಿಚಾರಕ ಡೌಡನ್ನೂ ಬಂದರು. ಡೌಡನ್ ಮೇಜಿನ ಮೇಲೆ ಪ್ಯಾರಿಷ್‌ಗಳ ಹಳೆಯ ನಕ್ಷೆ ಹಾಸಿದ.

"ಗೆರೆ ನಿಮ್ಮ ಮನೆ ಮೇಲೇ ಹೋಗಿದೆ ಕಣಮ್ಮ. ಅಡುಗೆಮನೆ ಮಾರ್‌ಫೀಲ್ಡು, ಮುಂದಿನ ಕೋಣೆ ಓಲ್ಡ್‌ಕಾಟು. ಮಲಗೋ ಕೋಣೆ ಅರ್ಧ ಅಲ್ಲಿ, ಅರ್ಧ ಇಲ್ಲಿ."

"ಏವನ್‌ಗೆ ಹಾಕಿದ್ರಲ್ಲ, ಆಗ ಬದಲಾಗ್ಲಿಲ್ವಾ?"

"ಅದು ಸರ್ಕಾರದ ಗೆರೆ. ಇದು ಚರ್ಚಿಂದು."

"ಮತ್ತೆ ನಾವು ವೋಟು ಹಾಕೋದು ಓಲ್ಡ್‌ಕಾಟಲ್ಲಿ?"

"ಅದು ಇನ್ನೊಂದು ಗೆರೆ."

ಎನಿಡ್‌ಳ ತಲೆ ಗಿರ್ರೆಂದಿತು. ಇಷ್ಟೊಂದು ಗೆರೆಗಳ ನಡುವೆ ಎಡವದೆ ಹೇಗೆ ಸಂಸಾರ ಮಾಡಿದೆನೋ ಎನಿಸಿತು.

"ಮಲಗೋ ಜಾಗ ಯಾವ ಕಡೆಯೋ ಅದೇ ಪ್ಯಾರಿಷ್ ಅಂತ ಹಿಂದಿನಿಂದ ನಡ್ಕೊಂಡು ಬಂದಿದೆ," ಎಂದರು ಪಾದ್ರಿ ಮೆಲ್ಲಗೆ. "ಮಂಚ ಒಂದ್ಸಲ ನೋಡ್ಬಹುದಾ?"

ಎನಿಡ್ ಮಲಗುವ ಕೋಣೆಯ ಬಾಗಿಲು ತೆರೆದಳು. ಗಂಡನಿಗೆ ಕಿಟಕಿಯ ಚಳಿಗಾಳಿ ತಾಗದಿರಲೆಂದು ಚಳಿಗಾಲದ ಮೊದಲಲ್ಲಿ ಮಂಚವನ್ನು ಅವಳೇ ಜರುಗಿಸಿದ್ದಳು. ಯಾವ ಕಡೆಗೆ ಜರುಗಿಸಿದ ಹಾಗಾಯಿತು? ಕೈಯಾರೆ ಅವನನ್ನು ಮಗಳಿಂದ ದೂರ ಮಾಡಿದೆನೇ?

ಡೌಡನ್ ಬೇಲಿಯ ಗಡಿಕಲ್ಲಿನಿಂದ ಅಳೆಯುತ್ತ ಬಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಮಂಚದ ಕೆಳಗೆ ತೂರಿ, ಆ ಕಡೆ ಎದ್ದು ತಲೆ ಕೆರೆದುಕೊಂಡ.

"ಮಂಚದ ನಟ್ಟನಡುವೆ, ಉದ್ದಕ್ಕೂ ಹೋಗಿದೆ. ಸಿರಿಲ್ ಯಾವ ಕಡೆ ಮಲಗ್ತಿದ್ದ?"

"ಗೋಡೆ ಕಡೆ."

"ಗೋಡೆ ಕಡೆ ಓಲ್ಡ್‌ಕಾಟು! ಗೆದ್ವಿ ಬಿಡಮ್ಮ!"

ಎನಿಡ್ ಅತ್ತೇಬಿಟ್ಟಳು. ಮಗಳ ಪಕ್ಕ ಅಪ್ಪ ಇರುತ್ತಾನೆ, ಅಷ್ಟು ಸಾಕಾಗಿತ್ತು. ಕಣ್ಣೊರೆಸಿಕೊಂಡು ಗೆರೆಯನ್ನು ಇನ್ನೊಮ್ಮೆ ನೋಡಿದಳು.

"ಹಾಗಾದ್ರೆ ನಾನು?"

ಡೌಡನ್ ಟೇಪು ಸುತ್ತತೊಡಗಿದ. ಪಾದ್ರಿ ಗೆರೆಯ ಈಚೆಗೆ, ಮಾರ್‌ಫೀಲ್ಡ್ ಕಡೆಗೆ, ಬೆರಳು ತೋರಿಸಿದರು.

ಎನಿಡ್ ತನ್ನ ದಿಂಬನ್ನು ಎತ್ತಿ, ಸಿರಿಲ್ ಮಲಗಿ ಮಲಗಿ ಗುಂಡಿಬಿದ್ದಿದ್ದ ಜಾಗದಲ್ಲಿ ಇಟ್ಟಳು.

"ಇವತ್ತಿಂದ ನಾನೂ ಗೋಡೆ ಕಡೆ," ಎಂದಳು. "ಬರ್ಕೊಳ್ಳಿ."