ಬೇಲಿಗೆ ನೆಟ್ಟ ನೀರುಕಾಯಿ

ನಮ್ಮದು ಸಸಿ ಮಾರುವ ಮನೆ. ಮನೆ ಮುಂದೆ ನೆರಳಿಲ್ಲದವರು, ಶಾಲೆಯ ಅಂಗಳ ಬೋಳಾಗಿದೆ ಎನ್ನುವವರು ಎಲ್ಲ ನನ್ನ ಗಂಡನ ಹತ್ತಿರ ಬರುತ್ತಾರೆ. "ಬೇಗ ಬೆಳೀಬೇಕು, ಹೂ ತುಂಬ ಬಿಡಬೇಕು, ನೀರು ಹಾಕೋಕೆ ಪುರಸೊತ್ತಿಲ್ಲ," ಎನ್ನುತ್ತಾರೆ. ಅಂಥವರಿಗೆಲ್ಲ ಹದಿನೈದು ವರ್ಷ ನಾವು ಕೊಟ್ಟದ್ದು ಒಂದೇ ಮರ, ನೀರುಕಾಯಿ. ಬೆಂಕಿಯಂಥ ಕೆಂಪು ಹೂ. ಮೊಗ್ಗು ಹಿಸುಕಿದರೆ ನೀರು ಚಿಮ್ಮುತ್ತದೆ, ಮಕ್ಕಳಿಗೆ ಖುಷಿ. ಬೇರೆ ಖಂಡದಿಂದ ಬಂದ ಮರ ಅಂತ ನಮಗೆ ಜಂಬ ಬೇರೆ.

ಗೇಟಿನ ಪಕ್ಕ, ಸಸಿಗೆ ಬೀಜ ತೆಗೆಯುವ ನಮ್ಮ ತಾಯಿಮರ, ಅದೂ ನೀರುಕಾಯಿಯೇ. ಹಿತ್ತಿಲಲ್ಲಿ ನನ್ನ ನಾದಿನಿಯ ಜೇನುಪೆಟ್ಟಿಗೆಗಳು. ಕುಟುಕದ ಸಣ್ಣ ಜೇನು, ಎಳ್ಳಿಗಿಂತ ಸ್ವಲ್ಪ ದೊಡ್ಡದು. ಗಂಡ ತೀರಿಹೋಗಿ ಅವಳು ನಮ್ಮಲ್ಲಿಗೆ ಬಂದಾಗ ತಂದದ್ದು ಒಂದೇ ಪೆಟ್ಟಿಗೆ. ಅದನ್ನು ಏಳು ಮಾಡಿದ್ದಳು. "ಅಣ್ಣ ಗಿಡ ಸಾಕಲಿ, ನಾನು ಹುಳ ಸಾಕ್ತೀನಿ, ಅತ್ತಿಗೆ ನಮ್ಮಿಬ್ಬರನ್ನೂ ಸಾಕಲಿ," ಎಂದು ನಗುತ್ತಿದ್ದಳು. ಅವಳು ಮತ್ತೆ ನಗುವಂತೆ ಮಾಡಿದ್ದೇ ಆ ಹುಳಗಳು.

ಒಂದು ಬೆಳಿಗ್ಗೆ ಗೇಟಿನ ಹತ್ತಿರ ಉದುರಿದ ಹೂ ಗುಡಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಹೂವಿನ ತಳದ ರಸದಲ್ಲಿ ಸತ್ತ ಜೇನು. ಇನ್ನೊಂದರಲ್ಲೂ ಇತ್ತು, ಮತ್ತೊಂದರಲ್ಲೂ. ಸಸಿಯ ಟ್ರೇಯಲ್ಲಿ ಸುರಿದು ತಂದು ಅಣ್ಣನ ಮುಂದಿಟ್ಟಳು.

"ನೋಡು, ನಿನ್ನ ಮರ ಮಾಡಿದ ಕೆಲಸ."

"ಮಳೆಗೆ ಸತ್ತಿರಬೇಕು ಬಿಡು. ಹೂ ಬಿಡೋ ಮರ ಯಾರನ್ನಾದರೂ ಕೊಲ್ಲತ್ತಾ?"

"ಮಳೆ ಬಂದು ತಿಂಗಳಾಯ್ತಲ್ಲೋ!"

ಅದೇ ವಾರ ಅರಣ್ಯ ಇಲಾಖೆಯ ಗಾರ್ಡಮ್ಮ ಬಂದರು. ಕಾಡಂಚಿನ ಮನೆಗಳಲ್ಲಿ ಈ ಮರ ಎಲ್ಲೆಲ್ಲಿದೆ ಎಂದು ನೋಡುತ್ತಿದ್ದರು. ಒಣಗಿದ ಕಾಯಿಯೊಂದನ್ನು ಬಿಡಿಸಿದರು. ಒಳಗೆ ಕಾಗದದ ಚೂರಿನಂಥ ರೆಕ್ಕೆಯ ಬೀಜ, ನೂರಾರು.

"ಇದು ಹಾರಿ ಹಳ್ಳದ ಕಣಿವೆಗೆ ಬೀಳತ್ತೆ ಅಣ್ಣಾ. ಅಲ್ಲಿ ದಟ್ಟವಾಗಿ ಎದ್ದು ನಿಲ್ಲತ್ತೆ. ಕಾಡಿನ ಗಿಡಕ್ಕೆ ಬಿಸಿಲೇ ಸಿಗಲ್ಲ. ಹೂವಿನ ರಸಕ್ಕೆ ಸಣ್ಣ ಜೇನು ಸಾಯತ್ತೆ."

"ನಾನು ನೆಟ್ಟಿದ್ದು ಅಂಗಳದಲ್ಲಿ, ಕಾಡಲ್ಲಲ್ಲ," ಎಂದರು ನಮ್ಮವರು.

"ಗಾಳಿಗೆ ನಿಮ್ಮ ಗೇಟು ಗೊತ್ತಾ? ಮರ ತೆಗೆಸಿ. ಕಡಿಯೋ ಮೊದಲು ನನಗೊಂದು ಮಾತು ಹೇಳಿ. ಬುಡ ಸಾಯಿಸೋದು ಹೇಗೆ, ಕೊಂಬೆ ಏನು ಮಾಡೋದು ಅಂತ ತೋರಿಸ್ತೀನಿ."

ತಂಗಿಯ ಮುಖ ನೋಡಿ ನಮ್ಮವರು ಮರ ಕಡಿದರು. ಗಾರ್ಡಮ್ಮನಿಗೆ ಹೇಳಲಿಲ್ಲ. "ಇಪ್ಪತ್ತು ವರ್ಷ ಗಿಡ ಬೆಳೆಸಿದವನಿಗೆ ಕಡಿಯೋದನ್ನ ಕಲಿಸ್ತಾಳಂತೆ!" ಸಸಿ ಮಾಡುವವರ ಕೈಗೆ ಹಸಿ ಕೋಲು ಸಿಕ್ಕರೆ ಎಸೆಯಲು ಮನಸ್ಸು ಬರುವುದಿಲ್ಲ. ದಪ್ಪ ಕೊಂಬೆಗಳನ್ನು ಹಿತ್ತಿಲಿನಿಂದ ಹಳ್ಳದವರೆಗೂ ಬೇಲಿಗೂಟ ಮಾಡಿ ನೆಟ್ಟರು. ಉಳಿದದ್ದನ್ನು ಹಳ್ಳದ ದಂಡೆಗೆ ಎಳೆದುಹಾಕಿದರು. "ಮರವೂ ಹೋಯ್ತು, ಬೇಲಿಯೂ ಆಯ್ತು," ಎಂದು ಕೈ ಒರೆಸಿಕೊಂಡರು. ಗೂಟಕ್ಕೆ ಮಣ್ಣು ತುಳಿದದ್ದು ನಾನೇ. ಅವರೊಬ್ಬರನ್ನೇ ಯಾಕೆ ದೂರಲಿ?

ಮಳೆ ಹಿಡಿಯಿತು. ಗೂಟಗಳೆಲ್ಲ ಚಿಗುರಿದವು. ದಂಡೆಯ ಕೊಂಬೆಗಳು ಬೇರುಬಿಟ್ಟವು. ಕಡಿದ ಬುಡದಿಂದ ಹತ್ತಾರು ಕವಲು ಎದ್ದವು. "ಬೇಲಿ ಗಟ್ಟಿಯಾಯ್ತು," ಎಂದು ಇವರು ಸುಮ್ಮನಾದರು, ನಾನೂ ಸುಮ್ಮನಾದೆ. ಮೂರನೇ ವರ್ಷ ಬೇಲಿಯುದ್ದಕ್ಕೂ ಹೂ.

ಪೆಟ್ಟಿಗೆಗಳು ಒಂದೊಂದಾಗಿ ಖಾಲಿಯಾದವು. ಏಳನೆಯದಕ್ಕೆ ಕಿವಿಯಿಟ್ಟು ನಾದಿನಿ ಬಹಳ ಹೊತ್ತು ಕೂತಿದ್ದಳು. "ಅತ್ತಿಗೆ, ಒಳಗೆ ಯಾರೂ ಇಲ್ಲ," ಎಂದಳು. ಗಂಡನನ್ನು ಕಳೆದುಕೊಂಡ ದಿನವೂ ಅವಳ ದನಿ ಅಷ್ಟು ಬರಿದಾಗಿರಲಿಲ್ಲ.

ಆ ದಿನ ನಮ್ಮವರು ತಲೆ ತಗ್ಗಿಸಿಕೊಂಡು ಗಾರ್ಡಮ್ಮನ ಹತ್ತಿರ ಹೋದರು. ಅವರು ಕಣಿವೆಯ ಅಂಚಿಗೆ ಕರೆದುಕೊಂಡು ಹೋಗಿ ತೋರಿಸಿದರು. ಕಣ್ಣು ಹಾಯುವವರೆಗೂ ಕೆಂಪು.

"ಇದನ್ನೆಲ್ಲ ಕೀಳೋಕೆ ಎಷ್ಟು ದಿನ ಬೇಕು?"

"ದಿನದ ಲೆಕ್ಕ ಅಲ್ಲ ಅಣ್ಣಾ. ನಮ್ಮಿಬ್ಬರ ಆಯಸ್ಸು ಸಾಲಲ್ಲ."

ಈಗ ನಾವು ಮೂವರೂ ಭಾನುವಾರ ಕಣಿವೆಗಿಳಿದು ಸಸಿ ಕೀಳುತ್ತೇವೆ. ಮುಂದಿನ ಭಾನುವಾರ ಅಲ್ಲೇ ಇನ್ನಷ್ಟು ಎದ್ದಿರುತ್ತವೆ. ನಾದಿನಿ ಬರುತ್ತಾಳೆ, ನಮ್ಮಿಂದ ದೂರ ಒಬ್ಬಳೇ ಕೀಳುತ್ತಾಳೆ. ಉಳಿದ ದಿನ ನಮ್ಮವರು ತಾವು ಸಸಿ ಕೊಟ್ಟ ಮನೆಗಳಿಗೆ ಅಲೆಯುತ್ತಾರೆ. "ನೀವೇ ತಾನೇ ಮಾರಿದ್ದು? ಈಗ ಕಡೀರಿ ಅಂದ್ರೆ?" ಎಂದು ಆ ಮನೆಯವರು ನಕ್ಕು ಕಳಿಸುತ್ತಾರೆ.

ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಕಣಿವೆ ಕೈಬಿಟ್ಟು ಹೋಗಿದೆ. ನಿಮ್ಮದು ಹೋಗಿರಲಿಕ್ಕಿಲ್ಲ. ಈ ಮರ ಹೊಸದಾಗಿ ನೆಡಬೇಡಿ. ಎಳೆ ಸಸಿಯನ್ನು ಬೇರುಸಮೇತ ಕೀಳಿ. ಕಾಯಿ ಒಡೆಯುವ ಮೊದಲೇ ಕಿತ್ತುಹಾಕಿ. ಹಸಿ ಕೊಂಬೆಯನ್ನು ಮಣ್ಣಿಗೆ ಚುಚ್ಚಬೇಡಿ, ಹಳ್ಳಕ್ಕೆ ಎಸೆಯಬೇಡಿ. ದೊಡ್ಡ ಮರವಿದ್ದರೆ ಕಡಿಯುವ ಮೊದಲು ಅರಣ್ಯದವರನ್ನು ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಇನ್ನು ನನ್ನ ಗಂಡ ನಿಮ್ಮ ಬಾಗಿಲು ತಟ್ಟಿದರೆ ಬೇಕಾದಷ್ಟು ಬೈಯಿರಿ, ಅದಕ್ಕೆ ಅವರು ತಕ್ಕವರೇ. ಬೈದು ಮುಗಿಸಿ ಮರ ತೆಗೆಯಲು ಬಿಡಿ.