ಅಳತೆಯಮ್ಮನ ರಿಜಿಸ್ಟರು

ಹೊಸ ಲೈಬ್ರರಿಯಮ್ಮ ಬಂದು ಶಾಲೆಯ ಜೆರಾಕ್ಸ್ ಮಶೀನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತ ದಿನವೇ ಭೂಗೋಳದ ಮೇಡಂ ತಲೆಗೆ ಹುಳ ಹೊಕ್ಕಿತು. ಜೆರಾಕ್ಸ್ ಮಾಡಿಸಲು ಹೋದವರನ್ನೆಲ್ಲ ಯಾವ ಪುಸ್ತಕ, ಬರೆದವರು ಯಾರು, ಎಷ್ಟು ಪುಟ, ಯಾವ ತರಗತಿಗೆ ಎಂದು ಕೇಳುವುದೇನು, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದೇನು! ಸ್ಟಾಫ್ ರೂಮಿನಲ್ಲಿ ಆಕೆಗೆ ಅಳತೆಯಮ್ಮ ಎಂದು ಹೆಸರಿಟ್ಟವರೂ ಈ ಮೇಡಮ್ಮೇ.

ಪಾಠಕ್ಕೆ ಬೇಕಾದಷ್ಟು ಭಾಗವನ್ನು ನಮ್ಮ ಮಕ್ಕಳಿಗಷ್ಟೇ, ಬರೆದವರ ಹೆಸರು ಹಾಕಿ ಕೊಟ್ಟರೆ ಕಾನೂನು ಏನೂ ಅನ್ನುವುದಿಲ್ಲ, ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಇಡಿಯಾಗಿ ಜೆರಾಕ್ಸ್ ಮಾಡಿಸಿ ಹಂಚಿದರೆ ಮಾತ್ರ ಸುಮ್ಮನೆ ಬಿಡುವುದಿಲ್ಲ ಎಂದು ಅಳತೆಯಮ್ಮ ತಾಳ್ಮೆಯಿಂದಲೇ ಹೇಳಿದ್ದಳು. ಮೇಡಂ ನಂಬಬೇಕಲ್ಲ! ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆರು ವರ್ಷ ಕಾದ ಮೇಲೆ ಈ ತಿಂಗಳು ಆದೇಶಕ್ಕೆ ಸಹಿ ಬೀಳುವುದರಲ್ಲಿತ್ತು. ಅಳತೆಯಮ್ಮನ ಅಕ್ಕನ ಮಗಳು ಅದೇ ಭೂಗೋಳ ಓದಿಕೊಂಡು ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಳೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮೇಡಂಗೆ ಎಲ್ಲವೂ ಅರ್ಥವಾಗಿಬಿಟ್ಟಿತು.

"ನನ್ನ ಕೈಲೇ ಸಹಿ ಹಾಕಿಸ್ಕೊಂಡು ನನಗೇ ಗುಂಡಿ ತೋಡ್ತಿದ್ದಾಳೆ," ಎಂದು ಗಂಡನ ಹತ್ತಿರ ಹೇಳಿದರು. ನಿನಗೆ ಕಂಡವರ ಮೇಲೆಲ್ಲ ಅನುಮಾನ ಎಂದು ಆತ ನಕ್ಕು ಪೇಪರಿನಲ್ಲಿ ಮುಖ ಮುಚ್ಚಿಕೊಂಡ.

ಅಂದಿನಿಂದ ಮೇಡಂ ಲೈಬ್ರರಿಯ ಕಡೆ ತಲೆ ಹಾಕಲಿಲ್ಲ. ನಕಾಶೆ ತುಂಬುವ ವರ್ಕ್‌ಬುಕ್ಕಿನಿಂದ ಅವರಿಗೆ ಬೇಕಾಗಿದ್ದದ್ದು ಮೂರೇ ಪುಟ. ಬಸ್ ಸ್ಟಾಪಿನ ಜೆರಾಕ್ಸ್ ಅಂಗಡಿಗೆ ಹೋದವರು, ಇಲ್ಲಿ ಕೇಳುವವರು ಯಾರಿದ್ದಾರೆ ಎಂಬ ಹುರುಪಿನಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಲವತ್ತು ಪ್ರತಿ ಮಾಡಿಸಿ, ಪಿನ್ ಹೊಡೆಸಿ, ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ಮಕ್ಕಳ ಬೆಂಚುಗಳ ಮೇಲೆ ಇಟ್ಟುಬಿಟ್ಟರು. ಯಾವುದೋ ಮಗುವಿನ ಚಿಕ್ಕಪ್ಪ ಅದೇ ವರ್ಕ್‌ಬುಕ್ ಮಾರುವ ಅಂಗಡಿಯವನು ಎಂದು ಅವರಿಗೇನು ಗೊತ್ತು?

ಎರಡು ವಾರಕ್ಕೆ ಪ್ರಕಾಶಕರ ದೂರಿನ ಪತ್ರ ಬಂತು, ಜೊತೆಗೆ ಪಿನ್ ಹೊಡೆದ ಒಂದು ಪ್ರತಿ; ಹಂಚಿದವರ ಹೆಸರು ಮಾತ್ರ ಇರಲಿಲ್ಲ. ಹೆಡ್‌ಮಿಸ್ ಇಬ್ಬರನ್ನೂ ಕರೆಸಿದರು. ಮೇಜಿನ ಒಂದು ಕಡೆ ಆ ಪ್ರತಿ, ಇನ್ನೊಂದು ಕಡೆ ಸಹಿಯಾಗದ ಆದೇಶ. ಅಳತೆಯಮ್ಮ ರಿಜಿಸ್ಟರನ್ನು ಎದೆಗವಚಿಕೊಂಡು ನಿಂತಿದ್ದಳು. ಚಾಡಿ ಹೇಳಿದವಳು ಇವಳೇ, ಸಂಶಯವೇ ಇಲ್ಲ ಎಂದು ಮೇಡಂ ಹಲ್ಲು ಕಚ್ಚಿದರು.

ಅಳತೆಯಮ್ಮ ರಿಜಿಸ್ಟರು ಬಿಚ್ಚಿ, ಮೇಡಂ ಯಾವ ಪುಸ್ತಕದಿಂದ ಎಷ್ಟು ಪುಟ ತೆಗೆಸಿದ್ದರೆಂದು ಒಂದೊಂದನ್ನೇ ತೋರಿಸಿದಳು. ಎಲ್ಲಿಯೂ ಮಿತಿ ಮೀರಿರಲಿಲ್ಲ.

"ಇದು ಮೇಡಂ ಮಾಡಿಸಿದ್ದಲ್ಲ," ಎಂದಳು. "ಅವರು ಮಾಡಿಸಿದ್ದೆಲ್ಲ ಇದರಲ್ಲಿದೆ. ಬೇಕಾದ್ರೆ ನಾನೇ ಬರ್ಕೊಡ್ತೀನಿ. ಕಾಯಂ ಆಗೋ ಹೊತ್ತಲ್ಲಿ ಯಾರೂ ಅವರ ಕಡೆ ಬೆರಳು ತೋರಿಸಬಾರದು ಅಂತಾನೇ ಒಂದೊಂದಕ್ಕೂ ಸಹಿ ಹಾಕಿಸ್ಕೊಂಡಿದ್ದೆ."

ಮೇಡಂ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಆದೇಶಕ್ಕೆ ಸಹಿ ಬೀಳುತ್ತಿತ್ತು. ಅಳತೆಯಮ್ಮ ಆಗಲೇ ಬಿಳಿ ಹಾಳೆ ಎಳೆದುಕೊಂಡು, ಸುಳ್ಳೆಂದು ತನಗೇ ಗೊತ್ತಿಲ್ಲದ ಮಾತನ್ನು ತನ್ನ ಹೆಸರಿನಲ್ಲಿ ಬರೆಯತೊಡಗಿದ್ದಳು. ನಾಚಿಕೆಯಿಂದ ಮೇಡಂ ಕುಗ್ಗಿಹೋದರು. ಕೈ ಚಾಚಿ ಪೆನ್ನು ಹಿಡಿದರು.

"ಬರೀಬೇಡಿ ಅಕ್ಕ," ಎಂದರು. "ನಿಮಗೆ ಗೊತ್ತಾಗಬಾರದು ಅಂತ ನಾನೇ ಹೊರಗಡೆ ಮಾಡಿಸಿದ್ದು."