ಗಾಜಿನ ಕೋಣೆಯ ಬೈಗುಳ

ಷೋರೂಮಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮುನಿ ಎಂದು. ಮುಟ್ಟಿದರೆ ಮುನಿ ಎಂಬುದರಲ್ಲಿ ಅರ್ಧ. ಯಾರಾದರೂ ಕೊಂಚ ದನಿ ಏರಿಸಿದರೆ ಸಾಕು, ಎರಡೂ ಕಿವಿ ಕೆಂಪಾಗಿ, ಭುಜಗಳು ಒಳಕ್ಕೆ ಸೇದಿಕೊಂಡು, ಇಡೀ ಹುಡುಗಿ ಇದ್ದದ್ದರಲ್ಲಿ ಅರ್ಧವಾಗಿಬಿಡುತ್ತಿದ್ದಳು. ಕಾರು ಮಾರುವ ಕೆಲಸಕ್ಕೆ ಇಂಥವಳನ್ನು ಯಾವ ಪುಣ್ಯಾತ್ಮ ಸೇರಿಸಿಕೊಂಡ ಎಂದು ಜೊತೆಯವರು ಮೊದಲ ಕೆಲವು ದಿನ ನಕ್ಕರು. ಆಮೇಲೆ ನಗುವುದನ್ನು ಬಿಟ್ಟು ಹೊಟ್ಟೆ ಉರಿದುಕೊಳ್ಳತೊಡಗಿದರು.

ಆದದ್ದು ಇಷ್ಟು. ಮ್ಯಾನೇಜರ ಕೋಣೆ ಷೋರೂಮಿನ ನಟ್ಟನಡುವೆ, ನಾಲ್ಕೂ ಕಡೆ ಗಾಜು. ಒಂದು ದಿನ ಅವಳು ಏನೋ ತಪ್ಪು ಮಾಡಿದಳೆಂದು ಅವರು ಒಳಗೆ ಕರೆಸಿ ಮುಖಕ್ಕೆ ಮಂಗಳಾರತಿ ಎತ್ತಿದರು. ಹೊರಗೆ ಒಂದು ಸಂಸಾರ, ಬೆಲೆ ಇನ್ನೂ ಇಳಿಯಲಿ ಎಂದು ಬೆಳಗಿನಿಂದ ಪಟ್ಟು ಹಿಡಿದು ಕೂತಿತ್ತು. ಅವರಿಗೆ ಮಾತು ಕೇಳಿಸಲಿಲ್ಲ, ನೋಟ ಮಾತ್ರ ಕಾಣಿಸಿತು. ತಮ್ಮ ಪರವಾಗಿ ಬೆಲೆ ಕೇಳಲು ಹೋಗಿ ಪಾಪದ ಹುಡುಗಿ ಬೈಸಿಕೊಳ್ಳುತ್ತಿದ್ದಾಳೆ ಎಂದುಕೊಂಡರು. ಅವಳು ಕಣ್ಣೊರೆಸಿಕೊಂಡು ಹೊರಬಂದದ್ದೇ ತಡ, ಮರುಮಾತಿಲ್ಲದೆ ಸಹಿ ಹಾಕಿದರು. ಮ್ಯಾನೇಜರು ಅದನ್ನು ಗಾಜಿನೊಳಗಿನಿಂದಲೇ ನೋಡಿದರು. ನೋಡಿದ್ದನ್ನು ಹಾಗೇ ಬಿಟ್ಟುಕೊಡುವ ಆಸಾಮಿಯಲ್ಲ ಅವರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಗಿರಾಕಿ ಎಷ್ಟು ಹೇಳಿದರೂ ಜಗ್ಗದಿದ್ದಾಗ ಅವಳು, "ಒಂದ್ನಿಮಿಷ ಸರ್, ಮ್ಯಾನೇಜರನ್ನ ಕೇಳ್ಕೊಂಡು ಬರ್ತೀನಿ" ಎಂದು ಎದ್ದು ಗಾಜಿನ ಕೋಣೆಗೆ ಹೋಗಬೇಕು. ಹೊರಗಿನವರ ಕಡೆಗೆ ಅರ್ಧ ಮುಖ ತಿರುಗಿಸಿ, ತಲೆ ಬಗ್ಗಿಸಿ ನಿಲ್ಲಬೇಕು. ಮ್ಯಾನೇಜರು ಹುಬ್ಬು ಗಂಟಿಕ್ಕಿ, ಮೇಜು ಗುದ್ದಿ, ಬೆರಳು ಆಡಿಸುತ್ತಾ ತಮ್ಮ ಮನೆಯ ನಲ್ಲಿ ಸೋರುವ ಕಥೆ ಹೇಳುತ್ತಿದ್ದರು. "ಆ ಪ್ಲಂಬರ್ ಬರ್ತೀನಿ ಬರ್ತೀನಿ ಅಂತಾನೆ, ಬರಲ್ಲ ಕಣಮ್ಮ!" ಎಂದು ಕಣ್ಣು ಕೆಂಪಗೆ ಮಾಡಿಕೊಂಡು ಕೂಗುವರು. ಅವಳಿಗೆ ನಗು ಬರಬೇಕಿತ್ತು, ಬರುತ್ತಿರಲಿಲ್ಲ. ದನಿಯ ಏರುವಿಕೆ ಕಿವಿಗೆ ಬಿದ್ದ ಕೂಡಲೇ ಮೈ ತನ್ನಷ್ಟಕ್ಕೆ ಮುದುಡಿಕೊಳ್ಳುತ್ತಿತ್ತು. ಮೈಗೆ ಪ್ಲಂಬರ್ ಯಾರು, ತಾನು ಯಾರು ಎಂಬ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

"ಕಲಿಸಿದ್ರೆ ಬರೋದಲ್ಲ ಇದು, ಹುಟ್ಟಿನಿಂದ ಬರ್ಬೇಕು" ಎಂದು ಮ್ಯಾನೇಜರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹೆಮ್ಮೆ ಅವಳ ಬಗ್ಗೆ ಅಷ್ಟಾಗಿ ಅಲ್ಲ, ತಮ್ಮ ಅಭಿನಯದ ಬಗ್ಗೆ.

ಅವಳು ಇದನ್ನೆಲ್ಲ ನುಂಗಿಕೊಂಡದ್ದು ಒಂದು ಬಾಗಿಲಿಗಾಗಿ. ಅಕ್ಕನ ಮನೆಯ ಹಜಾರದಲ್ಲಿ ಅವಳ ವಾಸ. ಭಾವ ಟಿವಿ ಆರಿಸುವವರೆಗೆ ಅವಳು ಹಾಸಿಗೆ ಬಿಡಿಸುವಂತಿರಲಿಲ್ಲ. ಬಟ್ಟೆ ಬದಲಿಸಬೇಕಾದರೆ ಬಚ್ಚಲು ಖಾಲಿಯಾಗುವುದನ್ನು ಕಾಯಬೇಕು. ಬರೆದುಕೊಳ್ಳಲು ಕೂತರೆ ಭಾವ, "ಏನು, ನಮ್ಮನ್ನೇ ಬೈದು ಬರೀತಿದೀಯಾ?" ಎಂದು ಹಿಂದಿನಿಂದ ಬಗ್ಗಿ ನೋಡುವರು. ಎರಡು ಬೀದಿ ಆಚೆ, ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಖಾಲಿ ಇತ್ತು. ಒಂದು ಕಿಟಕಿ, ಒಂದು ಬಲ್ಬು, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು. ಅಜ್ಜಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಕೆಲಸ ಪರ್ಮನೆಂಟ್ ಆದ್ಮೇಲೆ ಬಾ ತಾಯಿ. ತಿಂಗಳ ಕೊನೇಲಿ ಕೈ ಚಾಚೋ ಹುಡುಗೀರನ್ನ ಕಂಡು ಕಂಡು ಸಾಕಾಗಿದೆ" ಎಂದಿದ್ದಳು. ಪರ್ಮನೆಂಟ್ ಆಗಲು ಅವಳ ಲೆಕ್ಕದಲ್ಲಿ ಇನ್ನೊಂದು ಕಾರು ಬೇಕಿತ್ತು. ಕೊಟ್ಟ ಗಡುವಿನಲ್ಲಿ ಉಳಿದದ್ದು ಒಂದೇ ದಿನ.

ಆ ದಿನ ಬಂದವರು ಸೋಫಾ ಯಜಮಾನರು. ಸೋಫಾ, ಮಂಚ, ಬೀರು ಮಾರುವ ದೊಡ್ಡ ಅಂಗಡಿ ಅವರದು. ಜೊತೆಗೆ ಹೆಂಡತಿ. ಬೇರೆ ಎರಡು ಷೋರೂಮು ಸುತ್ತಿ, ಅಲ್ಲಿ ಬರೆಸಿಕೊಂಡ ಬೆಲೆಯ ಚೀಟಿಗಳನ್ನು ಇಸ್ಪೀಟಿನ ಎಲೆಯ ಹಾಗೆ ಮೇಜಿನ ಮೇಲೆ ಹರಡಿ ಕೂತರು.

"ನೋಡಮ್ಮ, ಕಾರು ಅದೇ ಕಾರು, ಬಣ್ಣ ಅದೇ ಬಿಳಿ. ಇವನು ಇಷ್ಟಕ್ಕೆ ಕೊಡ್ತೀನಿ ಅಂತಾನೆ, ಇವನು ಇದಕ್ಕಿಂತ ಎಂಟು ಸಾವಿರ ಕಮ್ಮಿಗೆ ಕೊಡ್ತೀನಿ ಅಂತಾನೆ. ನೀನೇನಂತೀಯಾ?"

"ಸರ್, ಅವ್ರು ಇನ್ಶೂರೆನ್ಸ್ ಸೇರಿಸಿಲ್ಲ, ನಾವು..."

"ಇನ್ಶೂರೆನ್ಸ್ ಹೊರಗಡೆ ಮಾಡಿಸ್ಕೋತೀನಿ. ಮುಂದೆ ಹೇಳು."

"ಹಳೇ ಕಾರಿಗೆ ನಾವು ಜಾಸ್ತಿ ಕೊಡ್ತೀವಿ ಸರ್."

"ಹಳೇ ಕಾರು ಮಾರೋರು ಯಾರು? ಇವಳ ತಮ್ಮನಿಗೆ ಕೊಡ್ಬೇಕು, ಇಲ್ದಿದ್ರೆ ಮನೇಲಿ ನಂಗೆ ಊಟ ಇಲ್ಲ" ಎಂದು ಹೆಂಡತಿಯತ್ತ ಹೆಬ್ಬೆರಳು ತೋರಿಸಿದರು. ಹೆಂಡತಿ, "ಎಲ್ಲಾ ಕಡೆ ನನ್ನ ಮರ್ಯಾದೆ ತೆಗೀದಿದ್ರೆ ಇವ್ರಿಗೆ ತಿಂದದ್ದು ಅರಗಲ್ಲ" ಎಂದು ಅವಳನ್ನು ನೋಡಿ ನಕ್ಕರು. ಒಳ್ಳೆಯ ನಗು. ಅವಳಿಗೆ ಕೊಂಚ ಧೈರ್ಯ ಬಂತು.

ಮಾತು ಒಂದು ಗಂಟೆ ಎಳೆಯಿತು. ಕೊನೆಗೆ ಅವಳು ಎದ್ದು, ಒಂದು ನಿಮಿಷ ಎಂದು ಹೇಳಿ, ಗಾಜಿನ ಕೋಣೆಗೆ ಹೋದಳು. ಮ್ಯಾನೇಜರು ಮೇಜು ಗುದ್ದಿದರು. ನಲ್ಲಿ ಇನ್ನೂ ಸೋರುತ್ತಿತ್ತು. ಪ್ಲಂಬರ್ ಫೋನೇ ಎತ್ತುತ್ತಿರಲಿಲ್ಲ. "ಐದು ಇಳಿಸು, ಅದಕ್ಕಿಂತ ಬೇಡ" ಎಂದು ಕೊನೆಗೆ ಹಲ್ಲು ಕಡಿಯುತ್ತಾ ಹೇಳಿದರು. ಅವಳು ಕಿವಿ ಕೆಂಪು ಮಾಡಿಕೊಂಡು ಹೊರಬಂದು ಕೂತಳು.

"ಸರ್, ತುಂಬಾ ಕಷ್ಟಪಟ್ಟು ಐದು ಸಾವಿರ..."

ಸೋಫಾ ಯಜಮಾನರು ಬೆಲೆಯ ಮಾತೇ ಎತ್ತಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಸ್ವಂತ ಸೋದರಮಾವನ ಹಾಗೆ ದನಿ ತಗ್ಗಿಸಿ ಕೇಳಿದರು: "ಒಳಗಡೆ ಏನು ಮಾತಾಡ್ತಾನಮ್ಮ ಅವನು?"

"ಬೆಲೆ... ಬೆಲೆ ವಿಷಯನೇ ಸರ್."

"ಅಲ್ಲ. ಬೆಲೆ ಮಾತಾಡೋನು ಕ್ಯಾಲ್ಕ್ಯುಲೇಟರ್ ಮುಟ್ತಾನೆ, ಕಂಪ್ಯೂಟರ್ ನೋಡ್ತಾನೆ. ಅವನು ಆಗಿಂದ ನಿನ್ನನ್ನೂ ನೋಡ್ಲಿಲ್ಲ, ನಮ್ಮನ್ನೇ ನೋಡ್ತಿದ್ದ. ಇಷ್ಟು ವರ್ಷ ಸೋಫಾ ಮಾರಿದೀನಿ ಕಣಮ್ಮ, ಇಷ್ಟೂ ಗೊತ್ತಾಗಲ್ವಾ? ಇದು ನಾಟಕ. ಹೌದೋ ಅಲ್ವೋ?"

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಉತ್ತರ ಬೇಕಾಗಲಿಲ್ಲ, ಕಿವಿಗಳೇ ಹೇಳಿದವು.

ಅವರು ಸಿಟ್ಟಾಗಲಿಲ್ಲ. ತೊಡೆ ತಟ್ಟಿಕೊಂಡು ನಕ್ಕರು. "ಭೇಷ್! ನೀನು ಮಾಡಿದ್ದು ಚೆನ್ನಾಗಿತ್ತು, ಅವನದು ಪರವಾಗಿಲ್ಲ. ಒಂದು ಕೆಲಸ ಮಾಡು. ಇನ್ನೊಂದ್ಸಲ ಹೋಗು. ಸೀಟ್ ಕವರ್ ಪುಕ್ಕಟೆ ಕೇಳು. ಈ ಸಲ ಜೋರಾಗಿ ಬೈಸ್ಕೊಂಡು ಬಾ. ಚೆನ್ನಾಗಿದ್ರೆ ಇಲ್ಲೇ ಬುಕ್ ಮಾಡ್ತೀನಿ, ಇಲ್ದಿದ್ರೆ ಮುಂದಿನ ಷೋರೂಮು."

"ರೀ, ಬಿಡ್ರೀ, ಹೆಣ್ಣು ಹುಡುಗಿ" ಎಂದರು ಹೆಂಡತಿ.

"ನೀನು ಸುಮ್ನಿರೇ. ಸಿನಿಮಾಗೆ ಕರ್ಕೊಂಡು ಹೋಗಲ್ಲ ಅಂತ ಗೋಳಾಡ್ತಿದ್ಯಲ್ಲ, ನೋಡು."

ಅವಳು ಹೋದಳು. ಹೋಗದೆ ಇರಬಹುದಿತ್ತೇ ಎಂದು ಆಮೇಲೆ ಯೋಚಿಸಿದ್ದುಂಟು. ಆಗ ಕಣ್ಣಮುಂದೆ ಇದ್ದದ್ದು ಚಿಲಕ ಒಂದೇ.

ಒಳಗೆ ಹೋಗಿ ಅವಳು ಮಾಡಿದ ತಪ್ಪೆಂದರೆ ನಿಜ ಹೇಳಿದ್ದು. "ಸರ್, ಅವ್ರಿಗೆ ಗೊತ್ತಾಗಿಬಿಟ್ಟಿದೆ. ನಾಟಕ ಅಂತ. ಇನ್ನೊಂದ್ಸಲ ಮಾಡಿ ತೋರ್ಸಿ, ಸೀಟ್ ಕವರ್ ಪುಕ್ಕಟೆ ಕೊಡಿ ಅಂತಿದಾರೆ. ನಿಮ್ಮದು... ಪರವಾಗಿಲ್ಲ ಅಂದ್ರು."

ಮ್ಯಾನೇಜರ ಮುಖ ಸುಣ್ಣವಾಯಿತು. ಕಾರು ಹೋದರೂ ಅವರು ಅಷ್ಟು ನೊಂದುಕೊಳ್ಳುತ್ತಿರಲಿಲ್ಲ. "ಗೊತ್ತಾಗೋದು ಹೇಗೆ? ನೀನು ಬಾಯಿಬಿಟ್ಟಿರ್ಬೇಕು."

"ಇಲ್ಲ ಸರ್."

"ನಂದು ಪರವಾಗಿಲ್ವಂತೆ! ಮರ ಕುಯ್ಯೋನು ನಂಗೆ ಮಾರ್ಕ್ಸ್ ಕೊಡ್ತಾನಾ? ನಿನ್ನಂಥ ಮೂಕಬಸವಿಯನ್ನ ಕಟ್ಕೊಂಡು ನಾನು ಕಾರು ಮಾರ್ಬೇಕಾ?"

ಈಗ ನಲ್ಲಿಯೂ ಇಲ್ಲ, ಪ್ಲಂಬರೂ ಇಲ್ಲ. ಅವಳ ನಡಿಗೆ, ಅವಳ ಇಂಗ್ಲಿಷು, ಷೋರೂಮು ಕೊಟ್ಟ ಕೋಟಿನ ತೋಳು ಉದ್ದವಾದದ್ದು, ಗಿರಾಕಿಯ ಎದುರು ಬಾಯಿ ಒಣಗುವುದು, ಒಂದೊಂದನ್ನೂ ಹೆಕ್ಕಿ ಹೆಕ್ಕಿ ಆಡಿದರು. ಎಷ್ಟು ದಿನದಿಂದ ನೋಡಿ ಇಟ್ಟುಕೊಂಡಿದ್ದರೋ. ಆಡುತ್ತಾ ಆಡುತ್ತಾ ಕಣ್ಣು ಹೊರಗೆ ಹೋಯಿತು. ಸೋಫಾ ಯಜಮಾನರು ಎದ್ದು ನಿಂತು, ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟುತ್ತಿದ್ದರು. ಗಾಜಿನಾಚೆಯ ಚಪ್ಪಾಳೆಗೆ ಸದ್ದಿರಲಿಲ್ಲ. ಮ್ಯಾನೇಜರು ಕೈಗೆ ಸಿಕ್ಕ ಕ್ಯಾಟಲಾಗನ್ನು ಎತ್ತಿ ಎಸೆದರು. ಅದು ಅವಳ ಭುಜಕ್ಕೆ ತಗುಲಿ ಕೆಳಗೆ ಬಿತ್ತು. ಯಜಮಾನರು ಹೆಬ್ಬೆರಳು ಎತ್ತಿ ತೋರಿಸಿದರು.

"ಸೀಟ್ ಕವರ್ ಕೊಡು. ಕೊಟ್ಟು ಸಾಯಿ. ಕಾರು ಮಾರಿದ ಲೆಕ್ಕ ಬೇರೆಯವರ ಹೆಸರಿಗೆ ಬರೆಸ್ತೀನಿ. ನಾಳೆಯಿಂದ ನೀನು ಬರೋದು ಬೇಡ."

"ಸರ್, ಪರ್ಮನೆಂಟ್..."

"ಯಾವ ಪರ್ಮನೆಂಟು? ಕೋಟು ತೊಳೆಸಿ ವಾಪಸ್ ಕೊಡು. ಹೋಗು."

ಆಗ ಅವಳು ಅತ್ತಳು. ಇದುವರೆಗೆ ಆ ಕೋಣೆಯಲ್ಲಿ ಅವಳ ಕಣ್ಣು ತುಂಬುತ್ತಿತ್ತು, ಅಷ್ಟೇ. ಅದು ನೋಡುವುದಕ್ಕೂ ಚೆಂದವಿತ್ತು. ಇದು ಬೇರೆ ಥರ. ಬಾಯಿ ಸೊಟ್ಟಗಾಯಿತು, ಮೂಗು ಸುರಿಯಿತು, ಬಿಕ್ಕಳಿಕೆ ಹೊಟ್ಟೆಯಿಂದ ಎದ್ದು ಬಂತು. ಬಾಗಿಲು ಸಿಗದೆ ಒಮ್ಮೆ ಗಾಜಿಗೇ ಹಣೆ ಬಡಿದುಕೊಂಡಳು. ಹೊರಗೆ ಬಂದು ಕುರ್ಚಿಯಲ್ಲಿ ಕುಸಿದಳು.

ಸೋಫಾ ಯಜಮಾನರು ತಲೆ ಆಡಿಸಿದರು. "ಎರಡನೇ ಸಲದ ಶುರುವಿನಲ್ಲಿ ಬಹಳ ಚೆನ್ನಾಗಿತ್ತಮ್ಮ. ಕೊನೇಲಿ ಅತಿ ಆಯ್ತು. ಗಾಜಿಗೆ ತಲೆ ಚಚ್ಕೊಳ್ಳೋದು, ಸಿಂಬಳ, ಅದೆಲ್ಲಾ ಬೇಡ. ಜನ ನಂಬಲ್ಲ."

"ಸರ್, ನನ್ನನ್ನ ಕೆಲಸದಿಂದ ತೆಗೆದುಬಿಟ್ರು" ಎಂದಳು ಬಿಕ್ಕುತ್ತಾ.

"ಓಹೋಹೋ!" ಅವರ ಹೊಟ್ಟೆ ಕುಲುಕಿತು. "ಇದು ಹೊಸಾದು! ನಮ್ಮ ಹುಡುಗರಿಗೆ ಹೇಳ್ಕೊಡ್ಬೇಕು ಇದನ್ನ. ಗಿರಾಕಿ ಸೋಫಾ ಬಿಟ್ಟು ಎದ್ದರೆ, ಅಯ್ಯೋ ಸರ್ ನನ್ನ ಕೆಲಸ ಹೋಯ್ತು ಅನ್ನೋದು!"

ಆದರೆ ಹೆಂಡತಿ ನಗಲಿಲ್ಲ. ಮುಂದೆ ಬಗ್ಗಿ ಅವಳ ಕೈ ಹಿಡಿದುಕೊಂಡರು. ಬೆಚ್ಚಗಿನ, ಮೆತ್ತಗಿನ ಕೈ. "ನನ್ನ ನೋಡು ಮಗಳೇ. ನಿಜಾನಾ? ನಿಜ ಆಗಿದ್ರೆ ಹೇಳು. ಇವ್ರು ಏನಾದ್ರೂ ಅಂದ್ಕೊಳ್ಳಲಿ, ಈಗಿಂದೀಗ ನಾನು ಒಳಗೆ ಹೋಗಿ ಆ ಮನುಷ್ಯನ ಗ್ರಹಚಾರ ಬಿಡಿಸ್ತೀನಿ. ಇಲ್ಲಿ ಕಾರೂ ಬೇಡ, ಏನೂ ಬೇಡ."

ಕಾರೂ ಬೇಡ. ಆ ಮಾತು ಅವಳ ಕಿವಿಯಲ್ಲಿ ನಿಂತಿತು. ಕಾರು ಇಲ್ಲಿಂದ ಹೋಗಿಬಿಟ್ಟರೆ ಮ್ಯಾನೇಜರು ಅವಳನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಕಾರು ಮಾರಿಹೋದರೆ, ಕಾಲು ಹಿಡಿದರೆ, ಒಂದು ವೇಳೆ... ಗಾಜಿನ ಹಿಂದೆ ಅವರು ಸೊಂಟದ ಮೇಲೆ ಕೈಯಿಟ್ಟು ಇತ್ತಲೇ ನೋಡುತ್ತಿದ್ದರು. ಅವಳು ಆ ಬೆಚ್ಚಗಿನ ಕೈಯನ್ನು ನೋಡಿದಳು. ಮೂಗು ಒರೆಸಿಕೊಂಡಳು. ತುಟಿಗಳನ್ನು ಹೇಗೋ ಅಗಲ ಮಾಡಿದಳು.

"ಇಲ್ಲಮ್ಮ" ಎಂದಳು. "ನಾಟಕ."

"ಹೇಳ್ಲಿಲ್ವಾ ನಾನು!" ಎಂದು ಯಜಮಾನರು ಪೆನ್ನು ತೆಗೆದರು.

ಹೆಂಡತಿ ಕೈ ಹಿಂದಕ್ಕೆ ತೆಗೆದುಕೊಂಡರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಆಮೇಲೆ ಆ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡರು. "ಥೂ. ಇಷ್ಟು ಬಣ್ಣ ಹಚ್ಚೋದನ್ನ ಮನೇಲಿ ಕಲಿಸಿದ್ರೋ, ಇಲ್ಲಿ ಕಲಿತ್ಯೋ" ಎಂದರು. ಸಹಿ ಆಗಿ, ಮುಂಗಡ ಕೊಟ್ಟು, ಬಾಗಿಲು ದಾಟಿ ಹೋಗುವವರೆಗೂ ಮತ್ತೆ ಅವಳ ಮುಖ ನೋಡಲಿಲ್ಲ. ಯಜಮಾನರು ಮಾತ್ರ ಹೋಗುವಾಗ ತಲೆ ತಟ್ಟಿ, "ಕೆಲಸ ನಿಜವಾಗ್ಲೂ ಹೋದ್ರೆ ನಮ್ಮಂಗಡಿಗೆ ಬಾ" ಎಂದು ಇನ್ನೊಮ್ಮೆ ನಕ್ಕರು.

ಅವಳು ಗಾಜಿನ ಕೋಣೆಗೆ ಹೋಗಿ ನಿಂತಳು. ಮ್ಯಾನೇಜರು ಮುಂಗಡದ ಚೆಕ್ಕನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮುಖದಲ್ಲಿ ಮೋಡ ಚದುರಿತ್ತು.

"ನೋಡಿದ್ಯಾ?" ಎಂದರು. "ಸುಮ್ನೆ ನಿಂತ್ಕೊಂಡಿದ್ರೆ ಈ ಆಸಾಮಿ ಬೀಳ್ತಿದ್ನಾ? ಅದಕ್ಕೇ ನಿಜವಾಗಿ ಅಳಿಸ್ಬೇಕಾಯ್ತು. ಈಗ ಹೇಳು, ನಂದು ಪರವಾಗಿಲ್ವಾ?"

ಅವಳು ಅವರ ಮುಖ ನೋಡಿದಳು. ಅವರು ಸುಳ್ಳು ಹೇಳುತ್ತಿದ್ದರು. ಆದರೆ ಹೇಳುತ್ತಾ ಹೇಳುತ್ತಾ ತಾವೇ ಅದನ್ನು ನಂಬತೊಡಗಿದ್ದರು, ಅದೂ ಕಾಣುತ್ತಿತ್ತು.

"ತುಂಬಾ ಚೆನ್ನಾಗಿತ್ತು ಸರ್."

"ಹಾಂ. ನಾಳೆ ಬಾ, ಪರ್ಮನೆಂಟ್ ಮಾಡಿಸ್ತೀನಿ. ಇನ್ಮೇಲೆ ಗಟ್ಟಿ ಗಿರಾಕಿ ಬಂದ್ರೆ ಹೀಗೇ, ಹೊಟ್ಟೆಯಿಂದ ಅಳ್ಬೇಕು. ಆಯ್ತಾ? ಆ ಕ್ಯಾಟಲಾಗ್ ಎತ್ತಿಡು."

ಎತ್ತಿಟ್ಟಳು. ಹಿಂದುಗಡೆ, ಹೊಸ ಕಾರುಗಳನ್ನು ತೊಳೆಯುವ ಜಾಗದಲ್ಲಿ ಯಾರೂ ಇರಲಿಲ್ಲ. ಅಲ್ಲಿ ನಿಂತು ಅಜ್ಜಿಗೆ ಫೋನು ಮಾಡಿದಳು. ಕೆಲಸ ಪರ್ಮನೆಂಟ್ ಆಯಿತೆಂದು ಹೇಳಿದಳು. ಒಳ್ಳೇದಾಯ್ತು ತಾಯಿ, ಒಂದನೇ ತಾರೀಕು ಬಾ, ಬಾಡಿಗೆ ಹೇಳಿದ್ದೇ, ನಾಲ್ಕೂವರೆ ಸಾವಿರ ಎಂದಳು ಅಜ್ಜಿ.

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಆಮೇಲೆ ದನಿಯನ್ನು ಎಲ್ಲಿ ನಡುಗಿಸಬೇಕೋ ಅಲ್ಲಿ ನಡುಗಿಸಿ, "ಅಜ್ಜಿ, ನಂಗೆ ಅಪ್ಪ ಇಲ್ಲ" ಎಂದಳು.

ಅಪ್ಪ ಅಂದು ಬೆಳಿಗ್ಗೆ ತಾನೇ ಫೋನು ಮಾಡಿ, ಛತ್ರಿ ತಗೊಂಡು ಹೋಗು ಮಗಳೇ ಎಂದಿದ್ದರು.

"ಅಯ್ಯೋ ನನ್ನ ಕಂದ" ಎಂದಳು ಅಜ್ಜಿ. "ಅಳ್ಬೇಡ. ಹೋಗ್ಲಿ, ನಾಲ್ಕೇ ಕೊಡು. ನಾನೂ ಒಂಟಿ ಮುದುಕಿ, ಅದರಲ್ಲೇ ಔಷಧಿ ತಗೋಬೇಕು. ಆದ್ರೂ ನಾಲ್ಕೇ ಕೊಡು."

ಅವಳ ಕಣ್ಣು ಒಣಗಿಯೇ ಇತ್ತು. ಒಂದು ಸಣ್ಣ ಬಿಕ್ಕಳಿಕೆ ಬರಿಸಿಕೊಂಡಳು, ಅತಿ ಆಗದ ಹಾಗೆ.

"ಮೂರೂವರೆ ಮಾಡ್ಕೊಳ್ಳಿ ಅಜ್ಜಿ" ಎಂದಳು.